ದೊಡ್ಡಪ್ಪನ ಸಿಡಿ ಪ್ಲೇಯರ್

ಮನೆಯಲ್ಲಿ ಯಾರಾದರೂ ಅಳತೊಡಗಿದರೆ ನಮ್ಮ ದೊಡ್ಡಪ್ಪ ಸ್ಕ್ರೂಡ್ರೈವರ್ ಹುಡುಕತೊಡಗುತ್ತಿದ್ದರು. ಅಜ್ಜಿ ತೀರಿಕೊಂಡ ದಿನ ಬಂದವರೆಲ್ಲ ಹಜಾರದಲ್ಲಿ ತಲೆತಗ್ಗಿಸಿ ಕುಳಿತಿದ್ದರೆ ಇವರು ಹಿತ್ತಲಲ್ಲಿ ನಲ್ಲಿಯ ವಾಷರ್ ಬದಲಿಸುತ್ತಿದ್ದರು. ನನ್ನ ಅಕ್ಕನ ಮದುವೆ ಮುರಿದುಬಿದ್ದ ಸಂಜೆ ಅವಳು ಕೋಣೆಯ ಬಾಗಿಲು ಹಾಕಿಕೊಂಡು ಬಿಕ್ಕುತ್ತಿದ್ದಾಗ, ಅದೇ ಬಾಗಿಲಿನ ಕೀಲಿಗೆ ಹೊರಗಿನಿಂದ ಎಣ್ಣೆ ಬಿಡುತ್ತ ಕುಳಿತಿದ್ದರು. ನಮ್ಮ ಮನೆಯಲ್ಲಿ ಕೆಟ್ಟು ನಿಂತ ಸಾಮಾನು ಒಂದೂ ಇರಲಿಲ್ಲ. ಅಷ್ಟು ದುಃಖಗಳನ್ನು ಆ ಮನೆ ಕಂಡಿತ್ತು.

ಮೂವತ್ತೆರಡು ವರ್ಷ ಲಿಫ್ಟ್ ರಿಪೇರಿ ಮಾಡಿದ ಮನುಷ್ಯ. ಉಪಕರಣದ ಭಾರದ ಚೀಲ ಹೊತ್ತೂ ಹೊತ್ತೂ ಬಲ ಹೆಗಲು ಇಳಿದುಹೋಗಿತ್ತು. ನಿವೃತ್ತರಾದ ಮೇಲೂ, ಇಲ್ಲದ ಚೀಲವೊಂದು ಅಲ್ಲಿ ಜೋತುಬಿದ್ದಿದೆಯೇನೋ ಎನ್ನುವಂತೆ, ಒಂದು ಬದಿಗೆ ವಾಲಿಕೊಂಡೇ ನಡೆಯುತ್ತಿದ್ದರು. ಮೇಲೊಂದು ಖಾಕಿ ಕೋಟು, ಕೋಟಿಗೆ ಏಳು ಜೇಬು. ಒಗೆಯಲು ಹಾಕುವ ಮೊದಲು ದೊಡ್ಡಮ್ಮ ಅದನ್ನು ತಲೆಕೆಳಗು ಹಿಡಿದು ಜಾಡಿಸಿದರೆ ನಟ್ಟು, ಬೋಲ್ಟು, ತಂತಿಯ ತುಂಡು, ಅರ್ಧ ಪೆನ್ಸಿಲು ನೆಲದ ತುಂಬ ಉರುಳಾಡುತ್ತಿದ್ದವು. “ಈ ಮನುಷ್ಯನನ್ನೇ ಒಂದ್ಸಲ ಹಿಂಗೆ ಹಿಡಿದು ಜಾಡಿಸ್ಬೇಕು, ಒಳಗೆ ಏನೇನ್ ಬಚ್ಚಿಟ್ಟಿದಾರೋ ಬೀಳ್ಲಿ” ಎನ್ನುತ್ತಿದ್ದರು ಆಕೆ. ದೊಡ್ಡಪ್ಪನದು ಎಲ್ಲದಕ್ಕೂ ಒಂದೇ ಉತ್ತರ: “ನೋಡೋಣ.”

ದೊಡ್ಡಮ್ಮ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವರು. ದಿನಕ್ಕೆ ನೂರಾರು ಅಪರಿಚಿತರ ಮಾತುಗಳನ್ನು ಒಂದಕ್ಕೊಂದು ಜೋಡಿಸಿಕೊಟ್ಟು, ಮನೆಗೆ ಬಂದು ಮಾತೇ ಆಡದವನ ಜೊತೆ ಸಂಸಾರ ಮಾಡಿದವರು. ಕಾಯಿಲೆ ಬಿದ್ದ ಮೇಲೆ ಆಕೆಯನ್ನು ಪ್ರತಿ ಮಂಗಳವಾರ ಎರಡು ಗಂಟೆ ದೂರದ ಆಸ್ಪತ್ರೆಗೆ ಕರೆದೊಯ್ದು ರಕ್ತನಾಳಕ್ಕೆ ಔಷಧಿ ಏರಿಸಿಕೊಂಡು ಬರಬೇಕಿತ್ತು. ಇಪ್ಪತ್ತೆರಡು ವರ್ಷದ ಹಳೆಯ ಕಾರು. ಒಂದು ಕಾಲಕ್ಕೆ ನೀಲಿಯಾಗಿದ್ದದ್ದು. ದೊಡ್ಡಪ್ಪ ಓಡಿಸುವುದು, ದೊಡ್ಡಮ್ಮ ಪಕ್ಕದಲ್ಲಿ, ಹಿಂದಿನ ಸೀಟಿನಲ್ಲಿ ಫೈಲು, ನೀರಿನ ಬಾಟಲಿ, ದಿಂಬು ಮತ್ತು ನಾನು. ಎಂಟು ತಿಂಗಳಲ್ಲಿ ಆ ದಾರಿಯ ಪ್ರತಿ ಗುಂಡಿಯೂ ನಮ್ಮ ಬೆನ್ನಿಗೆ ಪರಿಚಯವಾಗಿತ್ತು. ಹೋಗುವಾಗ ದಣಿವು, ಬರುವಾಗ ಇನ್ನಷ್ಟು ದಣಿವು.

ಒಂದು ಮಂಗಳವಾರ ಡಾಕ್ಟರು ಆಕೆಯೊಬ್ಬರನ್ನೇ ಕೂರಿಸಿಕೊಂಡು, ಇನ್ನು ಮುಂದುವರಿಸಿದರೂ ಹೆಚ್ಚು ಪ್ರಯೋಜನವಿಲ್ಲ, ನಿಲ್ಲಿಸಿದರೂ ತಪ್ಪಿಲ್ಲ ಎಂದು ಹೇಳಿದರಂತೆ. ಔಷಧಿ ಅಂಗಡಿಯ ಮುಂದೆ ದೊಡ್ಡಮ್ಮ ನನಗೆ ಮೆಲ್ಲಗೆ ತಿಳಿಸಿದರು.

“ನಿಲ್ಸಿಬಿಡ್ತೀನಿ ಕಣೋ, ಸಾಕಾಗಿದೆ. ಆದ್ರೆ ನಿಮ್ ದೊಡ್ಡಪ್ಪ ಹೂಂ ಅನ್ಬೇಕು. ಅವರನ್ನ ದಾಟಿ ನಾನು ಯಾವತ್ತೂ ಏನೂ ಮಾಡಿಲ್ಲ.”

“ಮನೇಲಿ ಕೂರಿಸ್ಕೊಂಡು ಹೇಳಿ ದೊಡ್ಡಮ್ಮ.”

“ಮನೇಲಾ? ಮಾತು ಬಾಯಿಂದ ಹೊರಗೆ ಬರೋದ್ರೊಳಗೆ ಫ್ಯಾನ್ ಬಿಚ್ಚಿರ್ತಾರೆ. ಕಾರಲ್ಲೇ ಹೇಳ್ಬೇಕು. ಅಲ್ಲಿ ಕೈ ಎರಡೂ ಸ್ಟೀರಿಂಗ್ ಮೇಲಿರುತ್ತೆ. ಎಲ್ಲಿಗೆ ಓಡ್ತಾರೆ?”

ಅಂದು ಹಿಂದಿರುಗುವಾಗ, ಊರು ಇನ್ನೂ ದೂರವಿರುವಾಗಲೇ, ಆಕೆ ಸೆರಗು ಸರಿಮಾಡಿಕೊಂಡು ಶುರುಮಾಡಿದರು: “ಇಲ್ಲಿ ಕೇಳಿ, ಇವತ್ತು ಡಾಕ್ಟರು ನಂಗೆ...” ದೊಡ್ಡಪ್ಪ ರಸ್ತೆಯಿಂದ ಕಣ್ಣು ತೆಗೆಯದೆ ಹೇಳಿದರು: “ಈ ಗಾಡಿಗೊಂದು ಸಿಡಿ ಪ್ಲೇಯರ್ ಹಾಕ್ಬೇಕು ಕಣೆ. ದಾರಿ ಸಾಗೋದೇ ಇಲ್ಲ.”

ಮರುದಿನವೇ ಪ್ಲೇಯರ್ ಬಂತು, ಎರಡು ಸ್ಪೀಕರ್ ಬಂದವು. ಕಾರಿನ ಹಳೆಯ ರೇಡಿಯೊವನ್ನು ಬಿಡಿಭಾಗಕ್ಕೆಂದು ಅವರೇ ಬಿಚ್ಚಿ ಎಷ್ಟೋ ವರ್ಷವಾಗಿತ್ತು. ಅದರ ಗೂಡು ಚಿಕ್ಕದು, ಇದರ ಮೈ ದೊಡ್ಡದು. ಅಂಗಡಿಯವನು ಡ್ಯಾಶ್‌ಬೋರ್ಡ್ ಕತ್ತರಿಸಿಕೊಡುತ್ತೇನೆಂದರೆ ಇವರು ಒಪ್ಪಲಿಲ್ಲ. ಮೂರು ಸಂಜೆ ಕುಳಿತು, ಗೂಡಿನ ಅಂಚನ್ನು ಅರದಿಂದ ಕೂದಲೆಳೆಯಷ್ಟೇ ಉಜ್ಜಿ, ಪ್ಲೇಯರ್ ಇಟ್ಟು ನೋಡಿ, ಮತ್ತೆ ತೆಗೆದು, ಮತ್ತೆ ಉಜ್ಜಿದರು. ಟಾರ್ಚ್ ಹಿಡಿದು ನಿಂತ ನನ್ನ ಕೈ ಸೋತಿತು. ಅವರ ಕೈ ಸೋಲಲಿಲ್ಲ. ಆ ಮೂರು ಸಂಜೆಯೂ ದೊಡ್ಡಮ್ಮ ಎರಡೆರಡು ಬಾರಿ ಶೆಡ್ಡಿನ ಬಾಗಿಲವರೆಗೆ ಬಂದು, ಗೋಡೆ ಹಿಡಿದುಕೊಂಡು ನಿಂತು, ವಾಪಸು ಹೋದರು.

ತಂತಿ ಜೋಡಿಸುವ ಹೊತ್ತಿಗೆ ನಾನು ಕೇಳಿದೆ: “ಕೀ ಆಫ್ ಮಾಡಿದ್ರೆ ಇದೂ ಆಫ್ ಆಗೋ ಥರ ಕೊಡ್ಬೇಕಲ್ವಾ ದೊಡ್ಡಪ್ಪ? ನೀವು ನೇರ ಬ್ಯಾಟರಿಗೆ ಕೊಡ್ತಿದೀರಿ.”

“ರೈಲ್ವೆ ಗೇಟಲ್ಲಿ ಇಂಜಿನ್ ಆಫ್ ಮಾಡ್ತೀವಲ್ಲ.”

“ಹೌದು.”

“ಹತ್ತು ನಿಮಿಷ ನಿಲ್ಲಿಸ್ತಾನೆ ಅವನು.”

ಅಷ್ಟೇ. ಲಿಫ್ಟ್ ನಿಂತರೂ ಒಳಗಿನ ದೀಪ ಆರಬಾರದೆಂದು ಪ್ರತ್ಯೇಕ ತಂತಿ ಎಳೆಯುವುದನ್ನು ಮೂವತ್ತೆರಡು ವರ್ಷ ಮಾಡಿದ ಕೈ ಅದು. ಕಾರು ನಿಂತರೂ ಹಾಡು ನಿಲ್ಲದಂತೆ, ಹತ್ತು ನಿಮಿಷದ ಮೌನಕ್ಕೂ ಎಡೆಯಿಲ್ಲದಂತೆ, ಅಚ್ಚುಕಟ್ಟಾಗಿ ಬೆಸುಗೆ ಹಾಕಿ, ಮೇಲೆ ಟೇಪು ಸುತ್ತಿದರು. ಅವರಿಗೆ ಎಲ್ಲವೂ ತಿಳಿದಿದೆ ಎಂದು ನನಗೆ ಗೊತ್ತಾದದ್ದು ಆಗಲೇ.

ಆಮೇಲಿನ ನಾಲ್ಕು ಮಂಗಳವಾರ ಹಾಡು ಕೇಳಿದೆವು. ಒಳ್ಳೆಯ ಹಾಡುಗಳೇ. ಗೇಟಿನಲ್ಲಿ ಇಂಜಿನ್ ನಿಂತರೂ ಹಾಡು ಹರಿಯುತ್ತಿತ್ತು. ಪಕ್ಕದ ಲಾರಿಯವನು ಇಣುಕಿ ನೋಡಿ ತಲೆದೂಗುತ್ತಿದ್ದ. ಒಮ್ಮೆ ದೊಡ್ಡಮ್ಮ ಕೈಚಾಚಿ ಗುಂಡಿ ತಿರುಗಿಸಿ ದನಿ ತಗ್ಗಿಸಿದರು. “ಯಾಕೆ, ಹಾಡು ಚೆನ್ನಾಗಿಲ್ವಾ?” ಎಂದು ದೊಡ್ಡಪ್ಪ ಮತ್ತೆ ಏರಿಸಿದರು. ಆಕೆ ನನ್ನತ್ತ ತಿರುಗಿ, “ನಲವತ್ತು ವರ್ಷದಿಂದ ಟ್ರೈ ಮಾಡ್ತಿದೀನಿ, ಇವರ ಲೈನ್ ಯಾವಾಗ್ಲೂ ಎಂಗೇಜು” ಎಂದರು. ನಗಲು ಹೋಗಿ ಕೆಮ್ಮಿದರು. ಆಮೇಲೆ ಕಿಟಕಿಗೆ ತಲೆಯಾನಿಸಿ ಕಣ್ಣುಮುಚ್ಚಿಕೊಂಡರು.

ನಾಲ್ಕನೆಯ ಮಂಗಳವಾರ ಮನೆ ತಲುಪಿದಾಗ ಆಕೆಗೆ ನಿಲ್ಲುವ ತ್ರಾಣವಿರಲಿಲ್ಲ. ದೊಡ್ಡಪ್ಪ ಕೀ ತೆಗೆದು, ಆಕೆಯನ್ನು ತಬ್ಬಿ ಇಳಿಸಿಕೊಂಡು, ಅವಸರದಲ್ಲಿ ಒಳಗೆ ನಡೆದರು. ಕೀಯ ಹಂಗಿಲ್ಲದ ಆ ಪ್ಲೇಯರನ್ನು ಕೈಯಿಂದಲೇ ಆರಿಸಬೇಕಿತ್ತು, ಮರೆತರು. ಶೆಡ್ಡಿನ ಬಾಗಿಲು ಎಳೆದದ್ದು ನಾನೇ, ಆಕೆ ಮಲಗಿದ್ದಾರೆಂದು ದಾರಿಯಲ್ಲೇ ತಗ್ಗಿಸಿದ್ದ ದನಿ ನನ್ನ ಕಿವಿಗೂ ಬೀಳಲಿಲ್ಲ. ಮುಚ್ಚಿದ ಕಾರಿನಲ್ಲಿ ಆ ತಟ್ಟೆ ತಿರುತಿರುಗಿ ಹಾಡಿ, ಬ್ಯಾಟರಿಯ ಕೊನೆಯ ಹನಿಯನ್ನೂ ಹೀರಿ ಎಂದೋ ಸುಮ್ಮನಾಗಿತ್ತು.

ಮುಂದಿನ ಮಂಗಳವಾರ ಬೆಳಗ್ಗೆ ಆರೂವರೆಗೆ ನಾವು ಮೂವರೂ ಕುಳಿತೆವು. ಕೀ ತಿರುಗಿಸಿದರೆ ಟಿಕ್ ಎಂದಿತು, ಅಷ್ಟೆ. ಇನ್ನೊಮ್ಮೆ ತಿರುಗಿಸಿದರು. ಪ್ಲೇಯರಿನ ಕಡೆ ನೋಡಿ ತಮ್ಮ ತಪ್ಪನ್ನು ಆ ಕ್ಷಣವೇ ಅರಿತರು. ಪಕ್ಕದ ಮನೆಯವರ ಗಾಡಿಯಿಂದ ತಂತಿ ಎಳೆದರೆ ಹತ್ತು ನಿಮಿಷದ ಕೆಲಸ. ಕೈ ಬಾಗಿಲಿನ ಹಿಡಿಯವರೆಗೆ ಹೋಯಿತು, ಅಲ್ಲೇ ನಿಂತಿತು, ಮೆಲ್ಲಗೆ ತೊಡೆಯ ಮೇಲೆ ಬಂದು ಬಿದ್ದಿತು. ಅಷ್ಟು ದಣಿದ ಕೈಯನ್ನು ನಾನು ಎಂದೂ ಕಂಡಿರಲಿಲ್ಲ.

“ಏನೋ ಹೇಳ್ಬೇಕು ಅಂತಿದ್ಯಲ್ಲ” ಎಂದರು.

“ಸಾಕು ಅನ್ಸಿದೆ ರೀ. ಇನ್ನು ಹೋಗೋದು ಬೇಡ.”

ದೊಡ್ಡಪ್ಪ ಕೇಳಿದರು: “ನೋವಾದ್ರೆ?”

“ನೋವಿಗೆ ಮಾತ್ರೆ ಕೊಡ್ತಾರಂತೆ. ಮನೇಲೇ ಇರ್ತೀನಿ. ನೀವೂ ಮನೇಲೇ ಇರ್ತೀರಿ.”

“ನಾನು ಕರ್ಕೊಂಡು ಹೋಗ್ತಾನೇ ಇರ್ತೀನಿ ಕಣೆ. ನಂಗೇನೂ ಸುಸ್ತಿಲ್ಲ.”

“ಇದೆ” ಎಂದರು ದೊಡ್ಡಮ್ಮ. “ನಂಗೆ ಕಾಣುತ್ತೆ.”

ದೊಡ್ಡಪ್ಪ ತಲೆಯಾಡಿಸಿದರು. “ಹೂಂ” ಎಂದರು. ಆ ಒಂದು ‘ಹೂಂ’ನಲ್ಲಿ ಎಷ್ಟು ಒಪ್ಪಿಗೆಗಳಿದ್ದವೋ, ಆಕೆ ಕೇಳಿಸಿಕೊಂಡರು. ನಾನು ಫೈಲನ್ನು ಮಡಿಲಲ್ಲಿಟ್ಟುಕೊಂಡು ಹೊರಗೆ ನೋಡುತ್ತಿದ್ದೆ. ಆಮೇಲೆ ಇಬ್ಬರೂ ಇಳಿದು, ಒಬ್ಬರ ತೋಳನ್ನೊಬ್ಬರು ಹಿಡಿದು ಒಳಗೆ ಹೋದರು. ಕಾರು ತಿಂಗಳುಗಟ್ಟಲೆ ಹಾಗೇ ನಿಂತಿತ್ತು. ನಮ್ಮ ಮನೆಯಲ್ಲಿ ಕೆಟ್ಟು ನಿಂತ ಮೊದಲ ವಸ್ತು ಅದು.

ಇಂಥ ಮನುಷ್ಯರು ಲೋಕದಲ್ಲಿ ಬಹಳ ಇದ್ದಾರೆ. ಕೈ ಆಡುತ್ತಿರುವತನಕ ಯಾವುದೂ ಮುಗಿಯುವುದಿಲ್ಲವೆಂದು ನಂಬಿ, ಮಾತು ಬಂದಾಗಲೆಲ್ಲ ಕೆಲಸದ ಮರೆಗೆ ಸರಿಯುವವರು. ಅವರ ಜೊತೆ ಬಾಳುವುದು ಕಾಯುವ ಕೆಲಸ. ಕಾದವರಿಗೂ ದಣಿವು, ಕಾಯಿಸಿದವರಿಗೂ ದಣಿವು. ಅವರದು ಕಲ್ಲೆದೆ, ಅವರಿಗೆ ಯಾರ ಕಷ್ಟವೂ ಕೇಳಿಸುವುದಿಲ್ಲ ಎಂದು ದೂರುವುದನ್ನು ಬಹಳ ಸಲ ಕೇಳಿದ್ದೇನೆ. ಒಂದು ಕಾಲಕ್ಕೆ ನಾನೂ ದೂರಿದ್ದೆ. ಈಗ ನನಗೆ ಬೇರೆಯೇ ಅನಿಸುತ್ತದೆ. ಮಾತಿನ ಮೊದಲ ಅಕ್ಷರಕ್ಕೇ ಕೊನೆಯ ಅಕ್ಷರದವರೆಗೂ ಯಾರಿಗೆ ಅರ್ಥವಾಗಿಬಿಡುತ್ತದೋ, ಎಲ್ಲರಿಗಿಂತ ಮೊದಲು ಎದ್ದು ಹೋಗುವವರೂ ಅವರೇ.