ರುಕ್ಮಿಣಿಬಾಯಿ ಮದುವೆ ಮಾಡಿಸಿದ ಉಪ್ಪು

ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಸೇವಂತಿಗೆ ರಸಾಯನಶಾಸ್ತ್ರದಲ್ಲಿ ನಲವತ್ತಕ್ಕೆ ಏಳು ಬಂತು. ಆ ಏಳರಲ್ಲೂ ಎರಡು, ಕಾಗದದ ಅಂಚು ನೀಟಾಗಿ ಬಿಟ್ಟಿದ್ದಾಳೆ ಎಂದು ಸತ್ಯಮೂರ್ತಿ ಮಾಸ್ತರರು ಕನಿಕರಪಟ್ಟು ಕೊಟ್ಟದ್ದು. ಓದಿಲ್ಲ ಅನ್ನುವ ಹಾಗಿರಲಿಲ್ಲ. ಹದಿನೈದು ದಿನ ಕೂತು, ಚಾಳಿನ ಪಕ್ಕದ ಖೋಲಿಯವರು ಕಿವಿಗೆ ಹತ್ತಿ ಇಟ್ಟುಕೊಳ್ಳುವಷ್ಟು ಗಟ್ಟಿಯಾಗಿ ಬಾಯಿಪಾಠ ಹೊಡೆದಿದ್ದಳು. ಪರೀಕ್ಷೆಯ ಹೊತ್ತಿಗೆ ಎಲ್ಲ ಎಲ್ಲಿ ಹೋಯಿತೋ ಆ ಶಿವನೇ ಬಲ್ಲ.

ಇದು ಎಂಬತ್ತೇಳರ ಮಾತು. ಜೋಗೇಶ್ವರಿ ಪೂರ್ವದ ಆ ಕನ್ನಡ ಶಾಲೆಯ ಹತ್ತನೆಯ ತರಗತಿಯಲ್ಲಿ ಇದ್ದದ್ದು ಹದಿನಾರೇ ಮಕ್ಕಳು. ಹೆಡ್‌ಮಾಸ್ಟರ್ ಹಿರಿಯಣ್ಣನವರು ನಾಲ್ಕು ವರ್ಷದಿಂದ ನೂರಕ್ಕೆ ನೂರು ಫಲಿತಾಂಶ ತಂದು, ಅದನ್ನು ಗೇಟಿನ ಗೋಡೆಯ ಮೇಲೆ ಕೆಂಪು ಬಣ್ಣದಲ್ಲಿ ಬರೆಸಿದ್ದರು. ಹೇಗೆ ತಂದರು ಎಂದು ಕೇಳಬೇಡಿ. ಜನವರಿಯ ಪ್ರಿಲಿಮ್ ಪರೀಕ್ಷೆಯಲ್ಲಿ ನಪಾಸಾದವರಿಗೆ ಬೋರ್ಡ್ ಪರೀಕ್ಷೆಯ ಫಾರ್ಮನ್ನೇ ಕೊಡುತ್ತಿರಲಿಲ್ಲ. ಕೂತರೆ ತಾನೆ ನಪಾಸಾಗುವುದು!

ಫಾರ್ಮ್ ಸಿಗದಿದ್ದರೆ ಸೇವಂತಿಯ ಗತಿ ಏನೆಂಬುದು ಆಗಲೇ ತೀರ್ಮಾನವಾಗಿತ್ತು. ಅಪ್ಪ ಭೀಮರಾಯ ಇಂಡಿ ಕಡೆಯವನು, ಬೈಕುಲ್ಲಾದ ಕಟ್ಟಡವೊಂದರಲ್ಲಿ ಸೆಂಟ್ರಿಂಗ್ ಮೇಸ್ತ್ರಿ. ಅವನು ಒಂದೇ ಮಾತು ಆಡಿದ್ದ: "ಫಾರ್ಮ್ ಬಂದ್ರ ಓದ್ಲಿ. ಬರಲಿಲ್ಲಂದ್ರ ಅವ್ವ ಹೇಳಿದ ಹುಡುಗನ ಜೋಡಿ ನಿಶ್ಚಯ." ಅವ್ವ ಎಂದರೆ ಸೇವಂತಿಯ ಅಜ್ಜಿ ರುಕ್ಮಿಣಿಬಾಯಿ. ತಾಯಿಯಿಲ್ಲದ ಹುಡುಗಿಯನ್ನು ಸಾಕಿದವಳು. ಜೋಗೇಶ್ವರಿಯಿಂದ ಬೈಕುಲ್ಲಾದವರೆಗೆ ವಿಜಾಪುರ ಸೀಮೆಯ ಯಾವ ಮನೆಯಲ್ಲಿ ಮದುವೆಯಾದರೂ ಜೋಡಿ ಕೂಡಿಸಿದವಳು ಅವಳೇ. ಚಡಚಣದಲ್ಲಿ ಕಿರಾಣಿ ಅಂಗಡಿಯ ಹುಡುಗನೊಬ್ಬನನ್ನು ಮೊಮ್ಮಗಳಿಗಾಗಿ ತೆಗೆದಿಟ್ಟಿದ್ದಳು. ಸೇವಂತಿ ಅವನ ಫೋಟೋ ನೋಡಿದ್ದಳು. ಹುಡುಗ ಕೆಟ್ಟವನೇನೂ ಅಲ್ಲ, ಆದರೆ ಅವಳಿಗೆ ಓದಬೇಕಿತ್ತು, ಅಷ್ಟೇ.

ಬೋರ್ಡ್ ಗೇಮಿನ ಐಡಿಯಾ ಕಿಟ್ಟುವಿನದು. ಅದೇ ತರಗತಿಯವನು, ಬ್ಯಾಂಕ್ ಗುಮಾಸ್ತರ ಮಗ, ಮೈಸೂರಿನವರು, ಅಕ್ಷರ ಮುತ್ತಿನಂತೆ. ಕನ್ನಡ ಮಾತ್ರ ನಾಲ್ಕು ಹೆಜ್ಜೆಗೊಮ್ಮೆ ಎಡವುತ್ತಿತ್ತು. "ಸೇವಂತಿ, ದೇಖ್, ಆಟ ಆಡಿದ್ರೆ ನೆನಪು ಇರತ್ತೆ. ನಾವು ಕೆಮಿಸ್ಟ್ರಿ ಗೇಮ್ ಮಾಡೋಣ ನಾ?" ಟೀವಿಯ ಖಾಲಿ ರಟ್ಟಿನ ಪೆಟ್ಟಿಗೆ ಹುಡುಕಿ ತಂದು ಕತ್ತರಿಸಿ, ಮನೆಗಳ ಗೆರೆ ಎಳೆದು, ನಡುವೆ ದೊಡ್ಡ ಚೌಕ ಮಾಡಿದರು. ಕವಡೆ ಅಜ್ಜಿಯದು. ಕಿಟ್ಟು ಒಂದೊಂದು ಮನೆಗೂ ಒಂದೊಂದು ಪ್ರಶ್ನೆ ಬರೆದ. ಉತ್ತರ ಹೇಳಿದರೆ ಮುಂದೆ, ಇಲ್ಲದಿದ್ದರೆ ಹಿಂದೆ. ಮೊದಲ ದಿನ ಅರ್ಧ ಗಂಟೆ ಆಡಿದರು. ಸೇವಂತಿ ಹೊರಟ ಮನೆಯಿಂದ ಅಲ್ಲಾಡಲೇ ಇಲ್ಲ.

ಬಾಗಿಲಲ್ಲಿ ಕೂತು ಅಕ್ಕಿ ಆರಿಸುತ್ತಿದ್ದ ಅಜ್ಜಿಗೆ ತಡೆಯಲಾಗಲಿಲ್ಲ. "ಇದೇನ್ ಆಟಾನೋ ತಮ್ಮಾ? ಕೋರ್ಟಿನ್ಯಾಗ ಸಾಕ್ಷಿ ಕೇಳಿದಂಗ ಕೇಳಾಕತ್ತೀಯಲ್ಲ!"

"ಅಜ್ಜಿ, ನಿನಗ ತಿಳಿಯಂಗಿಲ್ಲ ಸುಮ್ಕಿರು," ಎಂದಳು ಸೇವಂತಿ, ಅಳು ಬರುವಂತಾಗಿ. "ಈ ಸೋಡಿಯಂ ಹತ್ರ ಒಂದು ಎಲೆಕ್ಟ್ರಾನ್ ಹೆಚ್ಚಿಗಿ ಅದ, ಅದು ಕೊಡ್ತದ. ಕ್ಲೋರಿನ್ ಹತ್ರ ಒಂದು ಕಮ್ಮಿ ಅದ, ಅದು ತಗೋತದ. ಎರಡೂ ಕೂಡಿದ್ರ ಉಪ್ಪು."

ಅಜ್ಜಿಯ ಕೈ ಮೊರದಲ್ಲೇ ನಿಂತಿತು. "ಒಬ್ರು ಕೊಡವ್ರು, ಒಬ್ರು ತಗೊಳ್ಳವ್ರು. ಅಯ್ಯ, ಇದು ಕನ್ಯಾ ಮಾತುಕತಿ! ಮೊದಲ ಹೇಳಬಾರದೇನ?"

ಮೊರ ಪಕ್ಕಕ್ಕೆ ಸರಿಯಿತು. ಅವತ್ತು ಆ ಮನೆಯಲ್ಲಿ ಅನ್ನ ತಡವಾಯಿತು. ಅಜ್ಜಿ ಒಬ್ಬೊಬ್ಬ ಧಾತುವಿನ ಕುಲಗೋತ್ರ ವಿಚಾರಿಸಿದಳು. ಲೋಹಗಳೆಲ್ಲ ಹೆಣ್ಣಿನ ಕಡೆಯವರಾದರು, ಅಲೋಹಗಳೆಲ್ಲ ಗಂಡಿನ ಕಡೆಯವರು. ಹೀಲಿಯಂ, ನಿಯಾನ್ ಯಾರ ಜೊತೆಗೂ ಕೂಡುವುದಿಲ್ಲ ಎಂದು ಕಿಟ್ಟು ಹೇಳಿದಾಗ, "ಮಠದ ಸ್ವಾಮಿಗಳು, ಅವರ ತಂಟೆ ನಮಗ ಬ್ಯಾಡ," ಎಂದು ಕೈಮುಗಿದು ಮೂಲೆಗೆ ಸರಿಸಿದಳು. ಅಲ್ಯೂಮಿನಿಯಂ ಮೂರು ಕೊಡುತ್ತದೆ, ಆಕ್ಸಿಜನ್ ಎರಡೇ ತೆಗೆದುಕೊಳ್ಳುತ್ತದೆ, ಹೇಗೆ ಹೊಂದಿಸುವುದು? ಈ ಲೆಕ್ಕಕ್ಕೆ ಸೇವಂತಿ ಎಷ್ಟು ಸಲ ಅತ್ತಿದ್ದಳೋ. ಅಜ್ಜಿ ಕಣ್ಣು ಮುಚ್ಚಿ ಬಿಡುವಷ್ಟರಲ್ಲಿ ಹೇಳಿದಳು: "ಇಬ್ರು ಹೆಣ್ಣು, ಮೂವರು ಗಂಡು ಕರಸು. ಸಾಮೂಹಿಕ ವಿವಾಹ ಮಾಡು. ಯಾರ ಕೈಯೂ ಖಾಲಿ ಉಳಿಯಂಗಿಲ್ಲ." ಕಿಟ್ಟು ಪುಸ್ತಕ ತೆರೆದು ನೋಡಿದ. ಎರಡು ಅಲ್ಯೂಮಿನಿಯಂ, ಮೂರು ಆಕ್ಸಿಜನ್. ಅವನ ಬಾಯಿ ತೆರೆದದ್ದು ತೆರೆದೇ ಇತ್ತು.

ಹೊಸ ಆಟಕ್ಕೆ ಅಜ್ಜಿಯೇ ಕಟ್ಟಳೆ ಹಾಕಿದಳು. ಕವಡೆ ಬಿದ್ದಂತೆ ಕಾಯಿ ನಡೆಸಿ ಧಾತುವಿನ ಚೀಟಿ ಎತ್ತಬೇಕು, ಜೋಡಿ ಕೂಡಿಸಿ ನಡುವಿನ ಚೌಕ ಸೇರಿಸಬೇಕು. ಅದು ಮದುವೆಯ ಮಂಟಪ. ಪುಸ್ತಕದ ಪಟ್ಟಿಯಲ್ಲಿ ಮೇಲಿಂದ ಕೆಳಗೆ ಒಂದೇ ಸಾಲಿನಲ್ಲಿರುವ ಧಾತುಗಳ ಗುಣ ಒಂದೇ ಎಂದು ಕೇಳಿದ ಮೇಲೆ ಇನ್ನೊಂದು ಕಟ್ಟಳೆ ಹುಟ್ಟಿತು. ಮೈಸೂರಿನವರು ಗೋತ್ರ ಅನ್ನುವುದನ್ನು ಅಜ್ಜಿಯ ಕಡೆ ಬೆಡಗು ಎನ್ನುತ್ತಾರೆ. ಒಂದೇ ಸಾಲಿನವರು ಒಂದೇ ಬೆಡಗಿನವರು, ಅಣ್ಣತಮ್ಮಂದಿರು, ಅವರನ್ನು ಕೂಡಿಸಲು ಹೋದವನ ಕಾಯಿ ಹೊರಟ ಮನೆಗೆ ವಾಪಸ್ಸು.

ಸುದ್ದಿ ಹಬ್ಬಿ ಹದಿನಾರು ಮಕ್ಕಳೂ ಸಂಜೆ ಚಾಳಿನಲ್ಲಿ ಹಾಜರಾಗತೊಡಗಿದರು. ನೀರಿಗೆ ಕೊಡ ಹಿಡಿದು ಬಂದ ಹೆಂಗಸರು ಕೊಡ ಇಳಿಸಿ, "ಆ ಕ್ಯಾಲ್ಸಿಯಂಗ ಇನ್ನೂ ಆಗಿಲ್ಲೇನ್ರಿ?" ಎಂದು ಕೇಳುತ್ತ ನಿಲ್ಲುತ್ತಿದ್ದರು. ಒಂದು ಸಲ ಕಿಟ್ಟು ಎರಡು ಕ್ಲೋರಿನ್ ಚೀಟಿ ಜೋಡಿಸಿ, "ಪುಸ್ತಕದಲ್ಲಿ ಹೀಗೇ ಇದೆ ಅಜ್ಜಿ," ಎಂದ. ಅಜ್ಜಿ ಕೆಂಡವಾದಳು. "ಪುಸ್ತಕ ಬರದವ್ಗ ಮನಿ ಮಂದಿ ಇಲ್ಲೇನೋ? ಒಂದ ಬೆಡಗು! ಹಿಂದ ನಡಿ!" ಪಾಪ, ಮಂಟಪದ ಬಾಗಿಲಿಗೆ ಬಂದಿದ್ದ ಅವನ ಕಾಯಿ ಹಿಂದಕ್ಕೆ ಹೋಯಿತು. ಮತ್ತೆ ಯಾರೂ ಆ ಉಸಾಬರಿಗೆ ಹೋಗಲಿಲ್ಲ.

ಪ್ರಿಲಿಮ್ ಮುಗಿಯಿತು. ಸೇವಂತಿಗೆ ಮೂವತ್ತೊಂದು ಬಂತು. ಸಂತೋಷಪಡಲು ಪುರಸೊತ್ತು ಸಿಗಲಿಲ್ಲ, ಮಧ್ಯಾಹ್ನವೇ ಹಿರಿಯಣ್ಣನವರ ಕೋಣೆಯಿಂದ ಕರೆ ಬಂತು. ಮೇಜಿನ ಮೇಲೆ ಹದಿನಾರು ಉತ್ತರಪತ್ರಿಕೆ ಹರಡಿತ್ತು. ಕ್ಲೋರಿನ್, ಆಕ್ಸಿಜನ್ ಇವೆಲ್ಲ ಅನಿಲವಾಗಿರುವಾಗ ಒಂಟಿಯಾಗಿರುವುದಿಲ್ಲ, ಎರಡೆರಡು ಪರಮಾಣು ಜೊತೆಯಾಗಿರುತ್ತವೆ. ಬರೆಯುವಾಗ ಕೆಳಗೆ ಸಣ್ಣದೊಂದು ಎರಡು ಹಾಕಬೇಕು. ಹದಿನಾರು ಮಕ್ಕಳಲ್ಲಿ ಒಬ್ಬರೂ ಹಾಕಿರಲಿಲ್ಲ. ಕಿಟ್ಟುವಂತೂ ಹಾಕಿ, ಆಮೇಲೆ ಹೆದರಿ ಹೊಡೆದುಹಾಕಿದ್ದ.

"ಸಾಮೂಹಿಕ ಕಾಪಿ," ಎಂದರು ಹಿರಿಯಣ್ಣ. "ಹದಿನಾರೂ ಜನರನ್ನ ತಡೆದ್ರೆ ಬೋರ್ಡ್ ಪರೀಕ್ಷೆಗೆ ನಾನು ಬೆಂಚುಗಳನ್ನ ಕಳಿಸಬೇಕಾಗತ್ತೆ. ಅದಕ್ಕೇ ಮೂಲ ಯಾರು ಅಂತ ಹುಡುಕ್ತಿದೀನಿ. ಏನಮ್ಮಾ, ಏಳರಿಂದ ಮೂವತ್ತೊಂದಕ್ಕೆ ಯಾವ ಲಿಫ್ಟಲ್ಲಿ ಹೋದೆ? ಯಾರನ್ನ ನೋಡಿ ಬರೆದೆ?"

"ಯಾರನ್ನೂ ನೋಡಿಲ್ರಿ ಸರ್. ನಮ್ಮ ಅಜ್ಜಿ ಹೇಳಿದಂಗ ಬರದೀವ್ರಿ."

"ಅಜ್ಜಿ ಎಷ್ಟು ಓದಿದಾರೆ?"

"ಹೆಬ್ಬೆಟ್ರಿ ಸರ್."

ಪಕ್ಕದಲ್ಲಿ ನಿಂತಿದ್ದ ಸತ್ಯಮೂರ್ತಿ ಮಾಸ್ತರರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಫಾರ್ಮ್ ತುಂಬಲು ಮಾರನೆಯ ದಿನವೇ ಕೊನೆ. ಅಷ್ಟರಲ್ಲಿ ಆ ಅಜ್ಜಿಯನ್ನು ಕರೆದುಕೊಂಡು ಬಾ, ಇಲ್ಲವಾದರೆ ನಿನಗೆ ಫಾರ್ಮಿಲ್ಲ ಎಂದು ಹಿರಿಯಣ್ಣ ಖಡಾಖಂಡಿತವಾಗಿ ಹೇಳಿದರು.

ಮರುದಿನ ಶಾಲೆಗೆ ನಡೆಯುವಾಗ ಸೇವಂತಿ ಒಂದನ್ನೇ ಯೋಚಿಸುತ್ತಿದ್ದಳು. ಅಜ್ಜಿ 'ನನಗೇನೂ ಗೊತ್ತಿಲ್ರಿ' ಎಂದು ಒಂದು ಮಾತು ಹೇಳಿದರೆ ಸಾಕು, ಚಡಚಣದ ಮಾತು ಗಟ್ಟಿಯಾಗುತ್ತದೆ. ತಾನೇ ಹುಡುಕಿದ ವರ, ಬಿಡುತ್ತಾಳೆಯೇ? ಅಜ್ಜಿ ಮಾತ್ರ ಕಂಕುಳಲ್ಲಿ ರಟ್ಟು ಇರುಕಿಕೊಂಡು, ಎಲೆಯಡಿಕೆ ಜಗಿಯುತ್ತ, ಮುಂದೆ ಮುಂದೆ ನಡೆದಳು.

ಕೋಣೆಗೆ ಬಂದವಳೇ ಹಾಜರಿ ಪುಸ್ತಕ, ಗಂಟೆ ಎಲ್ಲವನ್ನೂ ಅತ್ತ ಸರಿಸಿ ರಟ್ಟು ಹಾಸಿದಳು. "ಹುಡುಗರು ಕಳುವು ಮಾಡಿಲ್ರಿ ಸಾಹೇಬ್ರ. ನಾನ ಕಲಿಸೀನಿ. ಕುಂಡ್ರಿ, ತೋರಿಸ್ತೀನಿ." ಹಿರಿಯಣ್ಣನವರು ಬೇಡ ಬೇಡ ಎನ್ನುತ್ತಲೇ ಕವಡೆ ಹಿಡಿದರು. ಹತ್ತು ನಿಮಿಷದಲ್ಲಿ ಅಂಗಿಯ ತೋಳು ಮಡಚಿ ಕೂತಿದ್ದರು. ಬ್ರೋಮಿನ್ನಿಗೆ ಕ್ಲೋರಿನ್ ಜೋಡಿಸಿದ ತಪ್ಪಿಗೆ ಅಜ್ಜಿ ಅವರ ಕಾಯನ್ನು ಹೊರಟ ಮನೆಗೆ ಅಟ್ಟಿದಾಗ, "ಇದು ಅನ್ಯಾಯ!" ಎಂದು ಮೇಜು ಕುಟ್ಟಿದರು. ಹೊರಗೆ ಜವಾನ ಇಣುಕಿ ನೋಡಿದ.

ಪಕ್ಕದಲ್ಲಿ ಆಟ ನೋಡುತ್ತಿದ್ದ ಸತ್ಯಮೂರ್ತಿಗಳಿಗೆ ಈಗ ಎಲ್ಲ ಅರ್ಥವಾಗಿತ್ತು. ನಗು ತಡೆದುಕೊಂಡು, "ಅಮ್ಮಾ, ಎಲ್ಲ ಸರಿ, ಒಂದು ತಪ್ಪಿದೆ. ಕ್ಲೋರಿನ್ ಜೊತೆ ಕ್ಲೋರಿನ್ ಕೂಡತ್ತೆ," ಎಂದರು.

"ಹಂಗಿದ್ರ ತಪ್ಪು ನಂದ್ರಿ, ಹುಡುಗರದಲ್ಲ," ಎಂದಳು ಅಜ್ಜಿ. "ಆದ್ರ ಅಣ್ಣತಮ್ಮರಿಗಿ ಮದುವಿ ಮಾಡಂದ್ರ ನನ್ನ ಜೀವ ಹೋದ್ರೂ ಒಪ್ಪಂಗಿಲ್ಲ."

"ನೀವು ಒಪ್ಪದೇ ಇದ್ರೆ ಇವಳು ಬೋರ್ಡ್ ಪರೀಕ್ಷೇಲೂ ಅದನ್ನೇ ಬರೀತಾಳೆ," ಎಂದರು ಹಿರಿಯಣ್ಣ, ಮತ್ತೆ ಹೆಡ್‌ಮಾಸ್ಟರಾಗಿ. "ಪುಣೆಯ ಪರೀಕ್ಷಕರಿಗೆ ಬೆಡಗು ಗೊತ್ತಿಲ್ಲಮ್ಮಾ. ನಾನು ಫಾರ್ಮ್ ಹೇಗೆ ಕೊಡಲಿ?"

ಸೇವಂತಿ ಎರಡು ಕ್ಲೋರಿನ್ ಚೀಟಿಗಳನ್ನು ಕೈಯಲ್ಲಿ ಹಿಡಿದು ನೋಡುತ್ತ ನಿಂತಳು. ಇಬ್ಬರಿಗೂ ಒಂದೊಂದು ಕಡಿಮೆ. ಇಬ್ಬರೂ ಕೊಡುವವರಲ್ಲ. ಮತ್ತೆ ಹೇಗಪ್ಪಾ ಜೊತೆಗಿರುತ್ತಾರೆ? ಚೀಟಿಗಳನ್ನು ಮಂಟಪದ ಹೊರಗೆ ಪಕ್ಕಪಕ್ಕ ಇಟ್ಟಳು.

"ಅಜ್ಜಿ, ಇದು ಮದುವಿ ಅಲ್ಲ," ಎಂದಳು ನಿಧಾನವಾಗಿ. "ಇವ್ರು ಬ್ಯಾರೆ ಆಗದ ಅಣ್ಣತಮ್ಮರು. ಯಾರೂ ಯಾರಿಗೂ ಕೊಟ್ಟಿಲ್ಲ, ಇದ್ದದ್ದು ಇಬ್ರೂ ಹಂಚ್ಕೊಂಡು ಒಂದ ಮನ್ಯಾಗ ಬಾಳೇವು ಮಾಡ್ತಾರ. ಕನ್ಯಾ ಬಂದಾಗ ಪಾಲಾಗ್ತದ, ಬ್ಯಾರೆ ಆಗ್ತಾರ. ಮನ್ಯಾಗ ಇಬ್ರು ಹುಡುಗರು ಅದಾರಂದ್ರ ಒಂದು ಸೋಡಿಯಂ ಸಾಲಂಗಿಲ್ಲ, ಎರಡು ಬೇಕು."

ಅಷ್ಟು ಹೇಳಿ ಗೋಡೆಯ ಕರಿಹಲಗೆಯ ಬಳಿ ಹೋಗಿ ಬರೆದಳು. ಎರಡು ಸೋಡಿಯಂ, ಕೆಳಗೆ ಸಣ್ಣ ಎರಡು ಹಾಕಿದ ಕ್ಲೋರಿನ್, ಬಾಣದ ಗುರುತು, ಎರಡು ಉಪ್ಪು. ಎಡಕ್ಕೂ ಬಲಕ್ಕೂ ಲೆಕ್ಕ ಸರಿಹೋಗಿತ್ತು. ಅವಳಿಗೇ ನಂಬಿಕೆಯಾಗದೆ ಎರಡು ಸಲ ಎಣಿಸಿದಳು.

ಸತ್ಯಮೂರ್ತಿಗಳು ಹಿರಿಯಣ್ಣನವರತ್ತ ತಿರುಗಿದರು. "ಇಪ್ಪತ್ತೆರಡು ವರ್ಷದಿಂದ ಇದೇ ಪಾಠ ಮಾಡ್ತಿದೀನಿ, ಸಾರ್. ಕೊಡೋದು ಬೇರೆ, ಹಂಚಿಕೊಳ್ಳೋದು ಬೇರೆ ಅಂತ ಒಬ್ಬ ಹುಡುಗನಿಗೂ ತಲೆಗೆ ಹತ್ತಿಸೋಕೆ ಆಗಲಿಲ್ಲ ನನ್ನ ಕೈಲಿ."

ಅಜ್ಜಿ ಹಲಗೆಯನ್ನು ದಿಟ್ಟಿಸಿದಳು. ಅದರಲ್ಲಿ ಒಂದಕ್ಷರವೂ ಅವಳಿಗೆ ತಿಳಿಯುವಂಥದಲ್ಲ. "ಕೂಡಿದ ಮನಿ ಅಂತ ಮೊದಲ ಹೇಳಿದ್ರ ನಾ ಯಾಕ ಬ್ಯಾಡ ಅಂತಿದ್ದೆ?" ಎಂದಳು.

ಹಿರಿಯಣ್ಣನವರು ಫಾರ್ಮ್ ತೆಗೆದು ಮೇಜಿನ ಮೇಲಿಟ್ಟರು. "ಪಾಲಕರ ಸಹಿ ಬೇಕು. ಇವಳ ತಂದೆಯನ್ನ ಕರೆಸಿ."

"ಅಂವ ಬೈಕುಲ್ಲಾದಾಗ ಸ್ಲ್ಯಾಬ್ ಮ್ಯಾಲ ಅದಾನ. ಬರೂದ್ರಾಗ ಸಾಲಿ ಬಾಗಲಾ ಹಾಕ್ತೀರಿ. ಇಕಿಗಿ ಅಂವ ಪಾಲಕ ಆದ್ರ, ಅಂವಗ ನಾ ಪಾಲಕಿ. ಮಸಿ ತರ್ರಿ."

ಸೇವಂತಿ ಅಜ್ಜಿಯ ಮುಖವನ್ನೇ ನೋಡಿದಳು. "ಅಜ್ಜಿ, ಚಡಚಣದವ್ರಿಗಿ ಏನ್ ಹೇಳ್ತಿ?"

"ಹುಡುಗಿ ಪರೀಕ್ಷಾಕ್ಕ ಕೂತಾಳ ಅಂತ ಹೇಳ್ತೀನಿ. ಅಂವ ಕಿರಾಣಿ ಅಂಗಡ್ಯಾಂವ, ಅಂವಗೇನು ಕನ್ಯಾದ ಬರ? ನಾಳೆ ಬ್ಯಾರೆ ತೋರಿಸ್ತೀನಿ. ಇಂಥ ಮೊಮ್ಮಗಳು ನನಗ ಎಲ್ಲಿ ಸಿಗಬೇಕು?" ಎಂದು ಹೆಬ್ಬೆಟ್ಟನ್ನು ಮಸಿಯ ಡಬ್ಬಿಗೆ ಅದ್ದಿ, ತೋರಿಸಿದ ಜಾಗದಲ್ಲಿ ಬಲವಾಗಿ ಒತ್ತಿದಳು.

ಸೇವಂತಿಗೆ ಅಳು ಒತ್ತರಿಸಿ ಬಂತು. ಹದಿನೈದು ವರ್ಷ ತನ್ನನ್ನು ಸಾಕಿದವಳ ಬಗ್ಗೆ ದಾರಿಯಲ್ಲಿ ಏನೆಲ್ಲ ಯೋಚಿಸಿದೆನಲ್ಲ ಎಂದು ನಾಚಿಕೆಯಾಯಿತು. ಅಜ್ಜಿ ಎರಡೂ ಕೈಯಿಂದ ಅವಳ ಗಲ್ಲ ಹಿಡಿದು ದೃಷ್ಟಿ ತೆಗೆದು ಲಟಿಕೆ ಮುರಿದಳು. ಹೆಬ್ಬೆಟ್ಟಿನ ಮಸಿ ಕೆನ್ನೆಗೆ ಅಂಟಿತು. ಒರೆಸಿಕೋ ಎಂದು ಸತ್ಯಮೂರ್ತಿ ಮಾಸ್ತರರು ಕರವಸ್ತ್ರ ಚಾಚಿದರು. "ಇರ್ಲಿ ಬಿಡ್ರಿ ಸರ್," ಎಂದಳು ಸೇವಂತಿ.