ಕೆಳಗಿನ ಮೆಟ್ಟಿಲು

ಗರಗಸವನ್ನು ಅರ್ಧಕ್ಕೆ ನಿಲ್ಲಿಸಿ ಬಡಗಿ ಶಬ್ಬೀರ್ ತಲೆಯೆತ್ತಿದ. "ಅಕ್ಕಾ, ಇನ್ನೊಂದ್ಸಲ ಯೋಚ್ನೆ ಮಾಡ್ರಿ. ಅಸಲಿ ತೇಗ ಐತೆ. ಇಂಥ ಮಂಚ ಈಗೆಲ್ಲಿ ಸಿಗ್ತೈತೆ?"

"ಕೊಯ್ರಿ ಶಬ್ಬೀರಣ್ಣ," ಎಂದಳು ರೂಪಶ್ರೀ.

ಆನೆಕೊಂಡದ ಆ ಮನೆಯ ಹಿತ್ತಲಿನಲ್ಲಿ, ಕರಿಬೇವಿನ ಗಿಡಕ್ಕೂ ಬಟ್ಟೆ ಒಗೆಯುವ ಕಲ್ಲಿಗೂ ನಡುವೆ ಅವಳ ಮದುವೆಯ ಮಂಚ ತುಂಡುತುಂಡಾಗಿ ಬಿದ್ದಿತ್ತು. ಉದ್ದದ ಪಟ್ಟಿಗಳು ಜಾರುಬಂಡಿಯ ಕಂಬಗಳಾಗಬೇಕಿತ್ತು. ಮಲಗುವ ಹಲಗೆಯ ಮೇಲೆ ಮಕ್ಕಳು ಜಾರಬೇಕಿತ್ತು. ತಲೆಯ ಕಡೆಯ ಹಲಗೆಯಿಂದ ಮೆಟ್ಟಿಲು. ಅದರ ಮೇಲೆ ಎರಡು ನವಿಲುಗಳ ನಡುವೆ 'ಬಕ್ಕೇಶ್' ಎಂದು ಉಬ್ಬು ಅಕ್ಷರಗಳಲ್ಲಿ ಕೆತ್ತಿತ್ತು. ಮಂಚ ಮಾಡಿಸಿದ್ದು ಅವಳ ಅಪ್ಪ. ಅಳಿಯನ ಹೆಸರು ಕೆತ್ತಿಸಿದ್ದ, ಮಗಳದು ನೆನಪಾಗಿರಲಿಲ್ಲ.

ಬಕ್ಕೇಶ್ ಹರಿಹರದಲ್ಲಿ ಇನ್ನೊಬ್ಬಳ ಜೊತೆ ಸಂಸಾರ ಹೂಡಿ ಎರಡನೇ ವರ್ಷ. ಭಾನುವಾರಗಳಂದು ಬಂದು ಮಕ್ಕಳಿಬ್ಬರನ್ನೂ ಬೈಕಿನಲ್ಲಿ ಕರೆದೊಯ್ಯುತ್ತಿದ್ದ. ಮೊದಮೊದಲು ಅಳುತ್ತ ಹೋಗುತ್ತಿದ್ದವರು ಈಗ ಬೆಳಗ್ಗೆಯೇ ಚಪ್ಪಲಿ ಹಾಕಿಕೊಂಡು ಬಾಗಿಲಲ್ಲಿ ಕೂರುತ್ತಿದ್ದರು. ಅಲ್ಲಿ ಹಿತ್ತಲಿಗೆ ನೀಲಿ ಜಾರುಬಂಡಿ ತರಿಸಿದ್ದರಂತೆ. ಹೋದ ವಾರ ಊಟ ಮಾಡಿಸುವಾಗ ಚಿಕ್ಕವನು ಹೇಳಿದ್ದ: "ಹರಿಹರದಮ್ಮ ನಂಜೊತೆ ತಾನೂ ಜಾರ್ತಾರೆ."

ಹರಿಹರದಮ್ಮ. ತುತ್ತು ರೂಪಶ್ರೀಯ ಕೈಯಲ್ಲೇ ಉಳಿದಿತ್ತು.

ಶಬ್ಬೀರ್ ಹೆಸರಿದ್ದ ತುಂಡನ್ನು ಎತ್ತಿಕೊಂಡ. "ಇದಕ್ಕೆ ರಂದಾ ಹೊಡೀತೀನಿ. ಹೆಸ್ರು ಹೋಗ್ತೈತೆ."

"ಬ್ಯಾಡ. ಕೆಳಗಿನ ಮೆಟ್ಲಿಗೆ ಹಾಕ್ರಿ. ಹೆಸ್ರು ಮೇಲೆ ಬರ್ಬೇಕು."

"ಅವ್ರು ನೋಡಿದ್ರೆ?"

"ನೋಡ್ಲಿ ಅಂತಾನೇ."

ಶಬ್ಬೀರ್ ನಕ್ಕ. "ನನ್ನ ಹೆಂಡ್ತಿ ನಸೀಮಾಗೆ ಮಾತ್ರ ಇದು ಗೊತ್ತಾಗ್ಬಾರ್ದು ಅಕ್ಕಾ. ನಮ್ಮನೇಲೂ ಒಂದು ಮಂಚ ಐತೆ."

ಅವಳು ನಗಲಿಲ್ಲ. ಆ ಮೆಟ್ಟಿಲಿನ ಸ್ಕ್ರೂಗಳನ್ನು ಅವನಿಂದ ಇಸಿದುಕೊಂಡು ತಾನೇ ಬಿಗಿದಳು. ಅಂಗೈಯಲ್ಲಿ ಬೊಬ್ಬೆ ಎದ್ದರೂ ಬಿಡಲಿಲ್ಲ. ಮಣ್ಣು ಮೆತ್ತಿದ ಕಾಲು, ಮಳೆಗಾಲದ ಕೆಸರುಗಾಲು, ಅವನದೇ ಮಕ್ಕಳ ಕಾಲು. ಆ ಹೆಸರಿನ ಮೇಲೆ ದಿನವೂ, ವರ್ಷಗಟ್ಟಲೆ. ಆ ರಾತ್ರಿ ನೆಲದ ಮೇಲೆ ಚಾಪೆ ಹಾಸಿ ಮಲಗಿದವಳಿಗೆ ಬಹಳ ಕಾಲದ ನಂತರ ಒಳ್ಳೆಯ ನಿದ್ದೆ ಬಂತು.

ಪಾಲಿಶ್ ಒಣಗಲಿ, ಭಾನುವಾರ ಹತ್ತುವಿರಂತೆ ಎಂದು ಮಕ್ಕಳನ್ನು ತಡೆದಿಟ್ಟಳು. ಬಕ್ಕೇಶ್ ಬಂದಾಗ ಬಾಗಿಲಲ್ಲಿ ಚಪ್ಪಲಿಗಳಿರಲಿಲ್ಲ. ಹಿತ್ತಲಿಗೇ ಬಾ ಎಂದಳು.

ಅವನು ಕಂಬಗಳನ್ನು ನೋಡಿದ. ನವಿಲನ್ನು ನೋಡಿದ. "ಇದು ನಮ್ಮ ಮಂಚ ಅಲ್ಲೇನೇ?"

"ನಮ್ಮಪ್ಪನ ಮಂಚ."

"ನನ್ನ ಹೆಸ್ರು ಅಲ್ಯಾಕೈತೆ?"

ಅವಳು ಒಳಗಿದ್ದ ಮಗಳಿಗೆ, "ಶರಣ್ಯಾ, ಹತ್ತು! ತಮ್ಮನ್ನೂ ಹತ್ತಿಸ್ಕೋ!" ಎಂದು ಕೂಗಿದಳು.

ಓಡಿ ಬಂದ ಶರಣ್ಯಾ ಮೆಟ್ಟಿಲ ಮುಂದೆ ನಿಂತಳು. ಒಂದನೇ ಕ್ಲಾಸಿನ ಹುಡುಗಿ, ಈಚೆಗೆ ಬಸ್ಸಿನ ಬೋರ್ಡು, ಅಂಗಡಿಯ ಬೋರ್ಡು ಯಾವುದನ್ನೂ ಬಿಡದೆ ಓದುತ್ತಿದ್ದಳು. ಅವಳ ತುಟಿ ಅಲುಗಿತು. "ಅಪ್ಪನ ಹೆಸ್ರು!" ಎತ್ತಿದ ಕಾಲು ಹಿಂದಕ್ಕೆ ಬಂತು. ಬಗ್ಗಿ ಅಕ್ಷರಗಳನ್ನು ಮುಟ್ಟಿ ಕಣ್ಣಿಗೊತ್ತಿಕೊಂಡಳು. ಆಮೇಲೆ ಕಂಬ ಹಿಡಿದು ಎರಡನೇ ಮೆಟ್ಟಿಲಿಗೇ ಕಾಲು ಚಾಚಿದಳು.

"ತುಳಿಯೇ! ಮೆಟ್ಲು ಇರೋದೇ ತುಳಿಯಾಕೆ."

"ಅಕ್ಷರ ತುಳೀಬಾರ್ದು ಅಂತ ನೀನೇ ಹೇಳಿದ್ದಲ್ಲಮ್ಮ?"

ಚಿಕ್ಕವನೂ ಅಕ್ಕನಂತೆಯೇ ಮುಟ್ಟಿ ಕಣ್ಣಿಗೊತ್ತಿಕೊಂಡ. ಅವನ ಕಾಲು ಮೇಲಿನ ಮೆಟ್ಟಿಲಿಗೆ ಎಟುಕಲಿಲ್ಲ. ಬಕ್ಕೇಶ್ ಹೋಗಿ ಅವನನ್ನು ಎತ್ತಿ ಹತ್ತಿಸಿದ. ನಂತರ ರೂಪಶ್ರೀಯ ಕಡೆ ತಿರುಗಿದ.

"ಚೊಲೋ ಕಲಿಸೀಯ ಬಿಡು," ಎಂದ.

ಮಕ್ಕಳು ಅವತ್ತು ಹರಿಹರ ಬ್ಯಾಡ ಎಂದರು. ಅವನು ಒಬ್ಬನೇ ಹೋದ. ಬೈಕಿನ ಸದ್ದು ದೂರವಾದ ಮೇಲೂ ಮಕ್ಕಳು ಜಾರುತ್ತಿದ್ದರು. ಪ್ರತಿ ಸಲ ಹತ್ತುವ ಮುಂಚೆ ಬಗ್ಗಿ, ಮುಟ್ಟಿ, ಕಣ್ಣಿಗೊತ್ತಿಕೊಳ್ಳುತ್ತಿದ್ದರು. ರೂಪಶ್ರೀ ನೋಡುವಷ್ಟು ಹೊತ್ತು ನೋಡಿದಳು. ಶಬ್ಬೀರ್ ಬಿಟ್ಟುಹೋಗಿದ್ದ ಉಳಿ, ಸುತ್ತಿಗೆ ತಂದು ಮೆಟ್ಟಿಲ ಮುಂದೆ ಕೂತಳು. ಮೊದಲ ಅಕ್ಷರದ ಅಂಚಿಗೆ ಉಳಿಯಿಟ್ಟು ಹೊಡೆದಳು. ತೇಗ ಗಟ್ಟಿಯಿತ್ತು. ಮತ್ತೆ ಹೊಡೆದಳು.

"ಏನ್ ಮಾಡ್ತೀಯಮ್ಮ?"

"ನಿಮಗೆ ತುಳಿಯಾಕೆ ಬರ್ಲಿ ಅಂತ."

ಶರಣ್ಯಾ ಎದುರಿಗೆ ಕುಕ್ಕರಗಾಲಲ್ಲಿ ಕೂತಳು. ಹಾರಿ ಬಿದ್ದ ಚಕ್ಕೆಗಳನ್ನು ಯಾರೂ ತುಳಿಯದ ಹಾಗೆ ಒಂದೊಂದಾಗಿ ಆರಿಸಿ, ಲಂಗದ ಮಡಿಲಿಗೆ ಹಾಕಿಕೊಳ್ಳತೊಡಗಿದಳು.