ಹದಿನಾಲ್ಕು ಜನರನ್ನು ಒಪ್ಪಿಸಿದವನು

ಅಕ್ಕನ ಚಪ್ಪಲಿ ಅಂಗಡಿಗೆ ಸೇರಿದ ಮೊದಲ ವಾರದಲ್ಲೇ ಮಾತುಗಾರ ಏಳು ಗಿರಾಕಿಗಳನ್ನು ಬರಿಗೈಯಲ್ಲಿ ವಾಪಸ್ ಕಳಿಸಿದ. ಒಬ್ಬರಿಗೆ ‘ಇದು ನಿಮಗೆ ಬಿಗಿ’ ಅಂದ, ಇನ್ನೊಬ್ಬರಿಗೆ ‘ಈ ಹಿಮ್ಮಡಿ ಬೇಗ ಸವೆಯುತ್ತೆ’ ಅಂದ. ಏಳನೆಯವರ ಕಾಲು ನೋಡಿ, ‘ನಿಮ್ಮ ಹಳೇದೇ ಚೆನ್ನಾಗಿದೆಯಲ್ಲ’ ಎಂದುಬಿಟ್ಟ.

“ನಿನ್ನನ್ನ ಚಪ್ಪಲಿ ಮಾರೋಕೆ ಇಟ್ಕೊಂಡಿದೀನೋ, ಗಿರಾಕಿ ಓಡಿಸೋಕೋ?” ಅಂದಳು ಅಕ್ಕ.

“ಭಯ ಆಗುತ್ತೆ ಅಕ್ಕಾ. ನಾನು ಬಾಯಿ ಬಿಟ್ರೆ ಜನ ಒಪ್ಕೊಂಡ್ಬಿಡ್ತಾರೆ.”

ಚಿಕ್ಕಂದಿನಲ್ಲಿ ಅವನಿಗೆ ಮಾತುಗಾರ ಎಂದು ಹೆಸರಿಟ್ಟವಳೇ ಅವಳು. ಒಂಬತ್ತು ವರ್ಷ ಆ ಬಾಯಿ ಬಳಗದ ಸೇವೆಯಲ್ಲಿತ್ತು. ಬಳಗವೆಂದರೆ ಊರಾಚೆಯ ಮೂರು ಮಹಡಿಯ ಮನೆ, ಅಲ್ಲಿ ನಲವತ್ತು ಜನ, ಅವರ ಮೇಲೆ ಎಲ್ಲರೂ ‘ಹಿರಿಯರು’ ಎಂದು ಕರೆಯುತ್ತಿದ್ದ ಒಬ್ಬ ಮನುಷ್ಯ. ಯಾರು ಯಾರ ಜೊತೆ ಮಾತಾಡಬೇಕು, ಯಾರು ಮನೆಗೆ ಫೋನ್ ಮಾಡಬಹುದು, ಎಲ್ಲ ಅವರೇ ಹೇಳಬೇಕು. ಹೊಸಬರನ್ನು ಕರೆತರುವುದು ಮಾತುಗಾರನ ಕೆಲಸ. ಬೆಣ್ಣೆಯಿಂದ ಕೂದಲು ತೆಗೆದಷ್ಟು ಸಲೀಸಾಗಿ ಹದಿನಾಲ್ಕು ಜನರನ್ನು ಒಪ್ಪಿಸಿ ತಂದಿದ್ದ.

ಅವನು ಹೊರಗೆ ಬಂದದ್ದು ಒಂದು ಗೊರಕೆಯಿಂದ. ಹಿರಿಯರು ಹನ್ನೆರಡು ವರ್ಷದಿಂದ ನಿದ್ದೆಯನ್ನೇ ಗೆದ್ದಿದ್ದಾರೆಂದು ಬಳಗವೆಲ್ಲ ನಂಬಿತ್ತು. ಒಂದು ಮಧ್ಯಾಹ್ನ ಯಾವುದೋ ಕಾಗದಕ್ಕೆ ಸಹಿ ಬೇಕೆಂದು ಅವರ ಕಾರಿನ ಬಾಗಿಲು ತೆಗೆದರೆ, ನಿದ್ದೆ ಗೆದ್ದವರು ಹಿಂದಿನ ಸೀಟಿನಲ್ಲಿ ಕಾಲು ಚಾಚಿ ಗೊರಕೆ ಹೊಡೆಯುತ್ತಿದ್ದಾರೆ! ಮಾತುಗಾರನಿಗೆ ನಗು ಉಕ್ಕಿಬಂತು. ತಡೆದರೂ ತಡೆಯಲಿಲ್ಲ. ಆ ನಗುವಿಗೆ ಮೂರು ವಾರ ಮೌನದ ಶಿಕ್ಷೆಯಾಯಿತು. ಅವನು ಯಾರೊಂದಿಗೂ ಮಾತಾಡುವಂತಿಲ್ಲ, ಅವನೊಂದಿಗೂ ಯಾರೂ ಮಾತಾಡುವಂತಿಲ್ಲ. ಬೇರೆ ದಾರಿಯಿಲ್ಲದೆ ತನ್ನ ಜೊತೆ ತಾನೇ ಮಾತಾಡತೊಡಗಿದ. ಮೂರನೆಯ ವಾರ ಮುಗಿಯುವಷ್ಟರಲ್ಲಿ ಚೀಲ ಹೆಗಲಿಗೇರಿಸಿಕೊಂಡು ಹೊರಟುಬಿಟ್ಟ.

ನೇರ ಅಕ್ಕನ ಮನೆಗೇ ಬಂದ, ಏಕೆಂದರೆ ಆ ಬಾಗಿಲು ಮುಚ್ಚಿಲ್ಲವೆಂದು ಗೊತ್ತಿತ್ತು. ಒಂಬತ್ತು ವರ್ಷವೂ ಅವಳು ತಿಂಗಳಿಗೊಂದು ಸಲ ಫೋನ್ ಮಾಡುತ್ತಿದ್ದಳು. ವಾದಕ್ಕಿಳಿಯುತ್ತಿರಲಿಲ್ಲ, ಹಿರಿಯರನ್ನು ಬೈಯುತ್ತಿರಲಿಲ್ಲ. “ನಿಮ್ಮ ಭಾವ ಹೊಸ ಕನ್ನಡಕದ ಮೇಲೇ ಕೂತ್ಬಿಟ್ರು ಕಣೋ” ಎಂಬಂಥ ಸುದ್ದಿ ಹೇಳಿ ಇಟ್ಟುಬಿಡುತ್ತಿದ್ದಳು. ಬಂದ ದಿನವೂ ಯಾಕೆ, ಏನು ಎಂದು ಕೇಳದೆ, “ಕೈಕಾಲು ತೊಳ್ಕೋ, ಊಟಕ್ಕೆ ಬಾ” ಅಂದಳು ಅಷ್ಟೆ.

ಶನಿವಾರದ ಸಭೆಗೆ ಹೋಗೆಂದು ಹಟ ಹಿಡಿದವಳೂ ಅವಳೇ. ಇಂಥ ಬಳಗಗಳಿಂದ ಹೊರಬಂದವರಿಗಾಗಿ ನಿವೃತ್ತ ಟೀಚರೊಬ್ಬರು ವಾಚನಾಲಯದ ಮಹಡಿಯಲ್ಲಿ ಅದನ್ನು ನಡೆಸುತ್ತಿದ್ದರು. ಮೊದಲ ದಿನ ಅವರು ಎಲ್ಲರನ್ನೂ ಕೇಳಿದ್ದು ಒಂದೇ ಪ್ರಶ್ನೆ: “ಕಾಫಿಯೋ, ಟೀಯೋ?”

ಆರು ಜನ ಬೆಳೆದು ನಿಂತವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಿವೃತ್ತ ಇಂಜಿನಿಯರೊಬ್ಬರು, “ನೀವು ಯಾವುದು ಒಳ್ಳೇದು ಅಂತೀರೋ ಅದೇ” ಎಂದರು.

“ನಾನೇನೂ ಅನ್ನಲ್ಲ. ಸಾಯಂಕಾಲದ ತನಕ ಕಾಯ್ತೀನಿ ಬೇಕಾದ್ರೆ,” ಎಂದು ಟೀಚರ್ ಸ್ವೆಟರ್ ಹೆಣೆಯಲು ಕೂತರು. ಕಾಲು ಗಂಟೆ ಕಳೆದ ಮೇಲೆ ಇಂಜಿನಿಯರು ಗಂಟಲು ಸರಿಮಾಡಿಕೊಂಡು, “ನಂಗೆ ಕಾಫಿ. ಸಕ್ಕರೆ ಜಾಸ್ತಿ!” ಎಂದು ಘೋಷಿಸಿದಾಗ ಎಲ್ಲರೂ ಚಪ್ಪಾಳೆ ತಟ್ಟಿದರು.

ನಾಲ್ಕನೆಯ ಶನಿವಾರ ಬಾಗಿಲು ತಳ್ಳಿಕೊಂಡು ಒಬ್ಬಳು ನರ್ಸ್ ಬಂದಳು. ಮಾತುಗಾರನ ಕೈಯ ಲೋಟ ಅಲ್ಲೇ ನಿಂತಿತು. ಹದಿನಾಲ್ಕು ಜನರಲ್ಲಿ ಅವಳು ಐದನೆಯವಳು. ಅವನಿಗಿಂತ ಎರಡು ವರ್ಷ ಮೊದಲೇ ಬಳಗ ಬಿಟ್ಟಿದ್ದಳು.

ಅವನು ಎದ್ದು ನಿಂತು ಕ್ಷಮೆ ಕೇಳಿದ. ಮಾತುಗಳು ಒಂದರ ಹಿಂದೊಂದು ಸಾಲಾಗಿ ಬಂದವು. ಕೇಳುತ್ತಿದ್ದ ಇಂಜಿನಿಯರು ಕಣ್ಣೊರೆಸಿಕೊಂಡರು.

ನರ್ಸ್ ಕೈಕಟ್ಟಿ ಕೇಳಿಸಿಕೊಂಡಳು. “ಇಷ್ಟು ಚೆನ್ನಾಗಿ ಕೇಳ್ಬೇಡಿ. ಅವತ್ತೂ ಹೀಗೇ ಚೆನ್ನಾಗಿ ಮಾತಾಡಿದ್ರಿ. ಆಗ ಅಣ್ಣ ಅಂತಿದ್ದೆ, ಇನ್ನು ಅನ್ನಲ್ಲ.”

ಅವನು ಕೂತುಬಿಟ್ಟ.

“ನಿಮ್ಮಿಂದ ಒಂದು ಕೆಲಸ ಆಗ್ಬೇಕು,” ಅಂದಳು. “ನನ್ನನ್ನ ಹೇಗೆ ಒಪ್ಪಿಸಿದ್ರಿ, ಬಿಡಿಸಿ ಹೇಳಿ. ಓದಿದವಳಾಗಿ ಹೇಗೆ ಬಿದ್ದೆ, ಎಂಥಾ ದಡ್ಡಿ ನಾನು ಅಂತ ಎರಡು ವರ್ಷದಿಂದ ನನ್ನನ್ನೇ ಬೈಕೊಂಡು ಸಾಕಾಗಿದೆ.”

ಅವನು ಟೀಚರ ಮುಖ ನೋಡಿದ. ಅವರು ಹೆಣಿಗೆಯಿಂದ ತಲೆಯೆತ್ತಲಿಲ್ಲ. ನಿಧಾನಕ್ಕೆ ಶುರುಮಾಡಿದ. ಅವಳು ಆಗಷ್ಟೇ ಈ ಊರಿಗೆ ವರ್ಗವಾಗಿ ಬಂದಿದ್ದಾಳೆಂದು ಮೊದಲೇ ವಿಚಾರಿಸಿಟ್ಟಿದ್ದ. ಮೊದಲ ದಿನ ಕೇಳಿದ್ದು ಸಣ್ಣದು, ಒಂದು ಭಾನುವಾರದ ಊಟಕ್ಕೆ ಬಾ ಎಂದು. ಅಲ್ಲಿ ಹನ್ನೆರಡು ಜನ ಅವಳನ್ನು ಹೆಸರು ಹಿಡಿದು ಮಾತಾಡಿಸಬೇಕೆಂಬುದು ಅವನದೇ ಏರ್ಪಾಡು. ಅವಳು ಇಲ್ಲ ಅನ್ನಲಾಗದಷ್ಟು ಚಿಕ್ಕ ಚಿಕ್ಕ ಹೂಂಗಳನ್ನು ಅವಳಿಂದ ಕೂಡಿಸಿಕೊಂಡ. ಅವಳ ಅಮ್ಮ ಅನುಮಾನಪಟ್ಟಾಗ, ‘ಅವರಿಗೆ ನೀನು ಬೆಳೆಯೋದು ಇಷ್ಟವಿಲ್ಲ’ ಎಂದದ್ದೂ ಅವನೇ.

“ನಿಮ್ಮ ದಡ್ಡತನ ಅದರಲ್ಲಿ ಎಲ್ಲೂ ಇರಲಿಲ್ಲ. ನಿಮ್ಮ ಒಳ್ಳೇತನ ಇತ್ತು. ಅದನ್ನೇ ನಾವು ಹಿಡ್ಕೊಂಡ್ವಿ.”

ಅವಳು ಕಟ್ಟಿದ್ದ ಕೈ ಬಿಡಿಸಿದಳು. “ಆ ಭಾನುವಾರ ನಾನು ಹಾಡಿದ್ದು ಚೆನ್ನಾಗಿತ್ತು ಅಂದ್ರಲ್ಲ, ಅದೂ ನಾಟಕಾನಾ?”

ಮಾತುಗಾರ ಇಕ್ಕಟ್ಟಿಗೆ ಸಿಕ್ಕಿಕೊಂಡ. “ಅದು... ನಿಜ ಹೇಳ್ಬೇಕಂದ್ರೆ, ಶ್ರುತಿ ಸ್ವಲ್ಪ...”

ನರ್ಸ್ ಮೇಜು ಗುದ್ದಿ ಗುದ್ದಿ ನಕ್ಕಳು. ಹಲವು ವರ್ಷದ ಉಸಿರನ್ನು ಒಟ್ಟಿಗೇ ಬಿಟ್ಟಂತಿತ್ತು ಆ ನಗು. ಸಾಯಂಕಾಲ ಮನೆಗೆ ಹೋದವಳೇ ಅಮ್ಮನಿಗೆ ಎಲ್ಲ ಹೇಳಿದಳಂತೆ. ‘ಹಾಡಿನ ವಿಷಯ ನಾನು ಯಾವತ್ತೋ ಹೇಳಿದ್ದೆ’ ಎಂದರಂತೆ ಆ ತಾಯಿ.

ಮುಂದಿನ ತಿಂಗಳು ಅವಳ ಆಸ್ಪತ್ರೆಯ ನರ್ಸಿಂಗ್ ವಿದ್ಯಾರ್ಥಿನಿಯರ ಮುಂದೆ ಇಬ್ಬರೂ ನಿಂತರು. ಅವನು ಹಳೆಯ ನಯದ ಮಾತುಗಳನ್ನೇ ಆಡಿ ತೋರಿಸುವುದು, ಅವಳು ನಡುವೆ ನಿಲ್ಲಿಸಿ, ‘ನೋಡಿ, ಈಗ ನಿಮ್ಮನ್ನ ಮನೆಯವರಿಂದ ದೂರ ಮಾಡ್ತಿದ್ದಾರೆ’ ಎಂದು ಗುಟ್ಟು ಒಡೆಯುವುದು. ಹುಡುಗಿಯರು ಹೊಟ್ಟೆ ಹಿಡಿದುಕೊಂಡು ನಕ್ಕರು, ಟಿಪ್ಪಣಿಯನ್ನೂ ಬರೆದುಕೊಂಡರು.

“ಒಂಟಿಯಾಗಿರೋರೇ ಹೆಚ್ಚು ಬೀಳೋದು,” ಎಂದು ಅವನು ಮುಗಿಸುತ್ತಿದ್ದಾಗ ಹಿಂದಿನ ಸಾಲಿನ ಎರಡು ಜಡೆಯ ಹುಡುಗಿ ಎದ್ದಳು.

“ಸರ್, ನಾನು ಒಪ್ಪಲ್ಲ. ನಂಗೆ ಮನೆ ತುಂಬ ಜನ ಇದಾರೆ. ಆದ್ರೂ ನೀವು ಕರೆದಿದ್ರೆ ನಾನು ಬಂದೇ ಬರ್ತಿದ್ದೆ.”

ಅವನು ಬಾಯಿ ತೆರೆದ. ಉತ್ತರ ನಾಲಗೆಯ ತುದಿಯಲ್ಲೇ ಇತ್ತು, ಒಂದು ನಿಮಿಷದಲ್ಲಿ ಹುಡುಗಿಯನ್ನು ಒಪ್ಪಿಸಿಬಿಡಬಹುದಿತ್ತು. ನುಂಗಿಕೊಂಡ.

“ನೀವು ಹೇಳಿದ್ದೇ ಸರಿ ಇರ್ಬಹುದು. ಮುಂದೆ ಬಂದು ಹೇಳಿ, ಎಲ್ಲರಿಗೂ ಕೇಳಿಸ್ಲಿ,” ಎಂದು ಪಕ್ಕಕ್ಕೆ ಸರಿದು, ಖಾಲಿಯಿದ್ದ ಬೆಂಚಿನಲ್ಲಿ ಖುಷಿಯಾಗಿ ಕೂತ.